ಎಂಜಿನ್ ಕುದಿಯುತ್ತಿದ್ದಾಗ ಮೀಟರ್ 92 ತೋರಿಸಿದ್ದು ಯಾಕೆ?

ಏಪ್ರಿಲ್ ಎರಡನೇ ವಾರ, ಮಧ್ಯಾಹ್ನ ಮೂರು ಗಂಟೆ. ದಾವಣಗೆರೆಯ ಹೊರಗೆ ಒಂದು ರೈಸ್ ಮಿಲ್ಲಿನ ಕಣ. ಭದ್ರಾ ನಾಲೆಯ ಬೇಸಿಗೆ ಭತ್ತದ ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಸಿಮೆಂಟ್ ಕಣ ಪೂರ್ತಿ ಖಾಲಿ. ನಾಲ್ಕು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಪುಟ್ಟ ಕಾರನ್ನು ಅಲ್ಲಿ ಸುತ್ತು ಹೊಡೆಸುತ್ತಿದ್ದರು. ಸ್ಟೀರಿಂಗ್ ಪಕ್ಕದ ಪರದೆ ನೀರಿನ ಬಿಸಿ 92 ಡಿಗ್ರಿ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು 78ಕ್ಕೆ ಇಳಿಯಿತು. ಓಡಿಸುತ್ತಿದ್ದ ಹುಡುಗ ತಂಪಾಯಿತು ಅಂದುಕೊಂಡು ಆಕ್ಸಿಲರೇಟರ್ ಇನ್ನಷ್ಟು ಒತ್ತಿದ. ಒಂದೂವರೆ ಸುತ್ತು ಆಗುವಷ್ಟರಲ್ಲಿ ಎಂಜಿನ್ ಎಳೆತ ಸತ್ತು ನಿಂತೇಹೋಯಿತು. ಹಿಂದಿನಿಂದ ಬಿಳಿ ಹೊಗೆ.

ಪಿ.ಬಿ. ರೋಡಿನ ಹತ್ತಿರ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಮಾರನೇ ದಿನ ಬೆಳಗ್ಗೆ ಕಾರನ್ನು ಟಾಟಾ ಏಸ್ ಮೇಲೆ ಏರಿಸಿಕೊಂಡು ಬಂದರು. ಇಳಿಸುವ ಮೊದಲೇ ಒಬ್ಬ ಹೇಳಿದ, "ಅಣ್ಣಾ, ಸೆನ್ಸರ್ ಹೋಗಿದೆ. ಬೇರೆ ಹಾಕಿಕೊಡಿ." ಆ ಸೆನ್ಸರ್ ಅವರು ಹಾಕಿದ ಮೂರನೆಯದು. ಮೊದಲಿನ ಎರಡನ್ನೂ ಇದೇ ಅನುಮಾನದ ಮೇಲೆ ಬಿಚ್ಚಿ ಎಸೆದಿದ್ದರು. ಮೂರು ಸೆನ್ಸರ್ ಒಂದೇ ರೀತಿ ಕೆಟ್ಟರೆ ತಪ್ಪು ಬೇರೆ ಎಲ್ಲೋ ಇರುತ್ತದೆ, ಅಲ್ವಾ? ಹುಡುಕಲು ನಮಗೆ ನಾಲ್ಕು ದಿನ ಹಿಡಿಯಿತು. ಬೈಕ್ ಎಂಜಿನ್ ಹಾಕಿ ಕಾರು ಕಟ್ಟುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಇಡೀ ಕಥೆ ಬರೆಯುತ್ತಿದ್ದೇನೆ.

ಕಾರಿನ ಬಗ್ಗೆ

ಚೌಕಟ್ಟು ಕಬ್ಬಿಣದ ಪೈಪ್‌ಗಳದ್ದು, ಎರಡು ಸೀಟು, ಮೇಲೆ ಹೊದಿಕೆ ಇಲ್ಲ. ತೂಕ 310 ಕೆಜಿ. ಸೀಟಿನ ಹಿಂದೆ ಹಳೆಯ ಮಾದರಿಯ ಡ್ಯೂಕ್ 390 ಬೈಕಿನ ಎಂಜಿನ್. ಅಂದರೆ 373 ಸಿಸಿ, ಒಂದೇ ಸಿಲಿಂಡರ್, ಸುಮಾರು 43 ಎಚ್‌ಪಿ. ನೋಂದಣಿ ಇಲ್ಲದ ಗಾಡಿ ಆದ್ದರಿಂದ ರಸ್ತೆಗೆ ಇಳಿಸುವ ಹಾಗಿಲ್ಲ. ಅವರು ಇಳಿಸಿಯೂ ಇಲ್ಲ.

ಹೀಗೆ ಭಾಗಗಳನ್ನು ತಂದು ಮನೆಯಲ್ಲೇ ಕಾರು ಜೋಡಿಸುವ ಹವ್ಯಾಸ ಬೆಳೆದದ್ದು ಬ್ರಿಟನ್ನಿನಲ್ಲಿ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಕಾರನ್ನು ಬಿಡಿ ಭಾಗಗಳಾಗಿ ಕೊಂಡರೆ ಅಲ್ಲಿನ ಖರೀದಿ ತೆರಿಗೆ ತಪ್ಪುತ್ತಿತ್ತು. ಆಮೇಲೆ ಅದೇ ಮಾದರಿಯ ಹಗುರ ಕಾರುಗಳಿಗೆ ಹಯಾಬುಸಾದಂಥ ಬೈಕ್ ಎಂಜಿನ್ ಹಾಕುವವರು ಹುಟ್ಟಿಕೊಂಡರು. ತೂಕ ಕಡಿಮೆ, ಗೇರ್‌ಬಾಕ್ಸ್ ಎಂಜಿನ್ ಜೊತೆಗೇ ಬರುತ್ತದೆ, ಸಣ್ಣ ಎಂಜಿನ್‌ನಿಂದ ಜಾಸ್ತಿ ಶಕ್ತಿ. ಆಸೆ ಹುಟ್ಟುವುದು ಸಹಜ.

ತೊಂದರೆ ಇರುವುದು ಬಿಸಿಯಲ್ಲಿ. ಬೈಕು ಮತ್ತು ಸವಾರ ಸೇರಿ ಸುಮಾರು 240 ಕೆಜಿ. ಇಲ್ಲಿ ಡ್ರೈವರ್ ಸೇರಿ 375. ಬೈಕಿನಲ್ಲಿ ಪೂರ್ತಿ ಥ್ರಾಟಲ್ ಕೊಡುವುದು ಕೆಲವೇ ಕ್ಷಣ, ಕಾರಿನಲ್ಲಿ ಆ ಕ್ಷಣಗಳು ಉದ್ದವಾಗುತ್ತವೆ. ಬೈಕಿನ ರೇಡಿಯೇಟರ್ ಮುಂದಿನ ಚಕ್ರದ ಹಿಂದೆಯೇ ಗಾಳಿಗೆ ಎದೆಕೊಟ್ಟು ಇರುತ್ತದೆ. ಈ ಹುಡುಗರು ಅದನ್ನು ಸೀಟಿನ ಹಿಂದೆ ಎಡಗಡೆ ಕೂರಿಸಿದ್ದರು. ಅಲ್ಲಿಗೆ ಗಾಳಿ ತಾನಾಗಿ ಬರುವುದಿಲ್ಲ, ಫ್ಯಾನ್ ಎಳೆದರೆ ಮಾತ್ರ ಬರುತ್ತದೆ. ಅಂದರೆ ಈ ಕಾರಿನಲ್ಲಿ ಎಂಜಿನ್ ಉಳಿಯುವುದು ಫ್ಯಾನ್ ಮತ್ತು ಟೆಂಪರೇಚರ್ ಮೀಟರ್ ಮೇಲೆಯೇ.

ಮೀಟರನ್ನು ಅವರೇ ಮಾಡಿದ್ದರು. ಒಂದು ಆರ್ಡುಯಿನೋ ಬೋರ್ಡ್ (ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್), ಚಿಕ್ಕ ಪರದೆ, ಮೆಮೊರಿ ಕಾರ್ಡ್. ಸೆನ್ಸರ್ ಸಾಮಾನ್ಯವಾಗಿ ಸಿಗುವ ಎನ್‌ಟಿಸಿ ಜಾತಿಯದು, ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) ಇಳಿಯುತ್ತದೆ. 20 ಡಿಗ್ರಿಯಲ್ಲಿ 2,500 ಓಮ್, 80ರಲ್ಲಿ 323, 100ರಲ್ಲಿ 187. ಬೋರ್ಡಿನ 5 ವೋಲ್ಟ್‌ಗೆ 1,000 ಓಮ್ ರೆಸಿಸ್ಟರ್ ಮೂಲಕ ಸೇರಿಸಿ, ನಡುವಿನ ವೋಲ್ಟೇಜ್ ಅಳೆದು, ಡಿಗ್ರಿಗೆ ತಿರುಗಿಸುತ್ತಿದ್ದರು. 95 ಆದರೆ ಫ್ಯಾನ್ ಆನ್, 90ಕ್ಕಿಂತ ಕೆಳಗೆ ಬಂದರೆ ಆಫ್, 105 ದಾಟಿದರೆ ಕೆಂಪು ದೀಪ. ಲೆಕ್ಕ ಸರಿಯಾಗಿಯೇ ಇತ್ತು, ಕೆಲಸವೂ ಅಚ್ಚುಕಟ್ಟು.

ನೀರು ಕುದಿಸಿ ನೋಡಿದೆವು

ಮೊದಲು ಸೆನ್ಸರ್ ಬಿಚ್ಚಿದೆ. ಅಂಗಡಿಯ ಟೀ ಒಲೆ ಮೇಲೆ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಸೆನ್ಸರನ್ನು ಇಳಿಬಿಟ್ಟೆವು. ಪಾತ್ರೆಯ ತಳಕ್ಕೆ ತಾಗಬಾರದು, ತಳದ ಬಿಸಿಯೇ ಬೇರೆ. ನೀರು ಕೊತಕೊತ ಕುದಿಯುವಾಗ ಮಲ್ಟಿಮೀಟರ್ 197 ಓಮ್ ತೋರಿಸಿತು.

"ನೋಡಿ ಅಣ್ಣಾ, 187 ಬರಬೇಕಿತ್ತು. ಎರಡು ಡಿಗ್ರಿ ತಪ್ಪು ಹೇಳ್ತಿದೆ" ಅಂದ ಒಬ್ಬ.

ತಪ್ಪು ಸೆನ್ಸರಿನದಲ್ಲ. ದಾವಣಗೆರೆ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸ್ವಲ್ಪ ಕಡಿಮೆ, ನೀರು 98 ಡಿಗ್ರಿಗೇ ಕುದಿಯುತ್ತದೆ. ಆ ಬಿಸಿಗೆ 197 ಓಮ್ ಸರಿಯಾದ ಉತ್ತರ. ಪಾಪ, ಎಸೆದುಬಿಟ್ಟ ಮೊದಲಿನ ಎರಡು ಸೆನ್ಸರ್‌ಗಳೂ ಚೆನ್ನಾಗಿಯೇ ಇದ್ದಿರಬೇಕು.

ಆಮೇಲೆ ಮೆಮೊರಿ ಕಾರ್ಡಿನ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಬರೆದುಕೊಂಡು ಕೂತೆ. ಕಂಪ್ಯೂಟರಿನಲ್ಲೇ ಬರುತ್ತಿತ್ತು, ಆದರೆ ಕೈಯಲ್ಲಿ ಚುಕ್ಕಿ ಇಡುತ್ತಾ ಹೋದರೆ ಕಣ್ಣು ನಿಧಾನವಾಗುತ್ತದೆ. ಶುರುವಿನಲ್ಲಿ ಗರಗಸದ ಹಲ್ಲಿನ ಹಾಗೆ ಏರಿಳಿತ: 95ಕ್ಕೆ ಏರುವುದು, ಫ್ಯಾನ್ ಆನ್, 82ಕ್ಕೆ ಇಳಿಯುವುದು, ಸ್ವಲ್ಪ ಹೊತ್ತಿಗೆ ಫ್ಯಾನ್ ಆಫ್, ತಕ್ಷಣ ಮತ್ತೆ 95. ಕೊನೆಕೊನೆಗೆ ಹಲ್ಲುಗಳು ಮಾಯವಾಗಿ 91, 92ರಲ್ಲಿ ಸಪಾಟು ಗೆರೆ. ಹುಡುಗರು ಈ ಸಪಾಟನ್ನು ನೋಡಿ ಖುಷಿಪಟ್ಟಿದ್ದರು, ಕೊನೆಗೂ ಬಿಸಿ ಸ್ಥಿರವಾಯಿತು ಅಂತ.

ನನಗೆ ಆ 82 ಚುಚ್ಚುತ್ತಿತ್ತು. 95ರಿಂದ 82ಕ್ಕೆ ಇಳಿಯಲು ಐದೇ ಸೆಕೆಂಡ್. ಮತ್ತೆ ಏರಲೂ ಐದೇ ಸೆಕೆಂಡ್.

"ಐದು ಸೆಕೆಂಡಿನ ಸರಾಸರಿ ತಗೊಳ್ತೀವಿ ಅಣ್ಣಾ" ಅಂದಳು ಪ್ರೋಗ್ರಾಂ ಬರೆದ ಹುಡುಗಿ.

"ಯಾಕಮ್ಮ?"

"ಮೊದಲು ಫ್ಯಾನ್ ಹಾಕಿ ತೆಗೆಯೋ ರಿಲೇ ಸ್ವಿಚ್ ಟಕಟಕ ಅಂತ ಆನ್ ಆಫ್ ಆಗ್ತಿತ್ತು. ಸರಾಸರಿ ಹಾಕಿ, ಒಮ್ಮೆ ಆನ್ ಆದರೆ 30 ಸೆಕೆಂಡ್ ಓಡಲೇಬೇಕು ಅಂತ ಬರೆದೆ. ಸರಿಹೋಯ್ತು."

ನಿಜವಾದ ರೋಗಲಕ್ಷಣ ಇದು. ರಿಲೇ ಟಕಟಕ ಅಂದದ್ದು ಕಾರು ಕೊಟ್ಟ ಮೊದಲ ಎಚ್ಚರಿಕೆ. ಆ ಹುಡುಗಿ ಜಾಣೆ, ಸದ್ದು ನಿಲ್ಲಿಸುವ ದಾರಿ ಬೇಗ ಹುಡುಕಿದಳು. ಸದ್ದು ನಿಂತಿತು, ಕಾರಣ ಒಳಗೇ ಉಳಿಯಿತು. ಇಂಥದ್ದನ್ನು ದೊಡ್ಡ ದೊಡ್ಡ ವರ್ಕ್‌ಶಾಪ್‌ಗಳಲ್ಲೂ ನೋಡಿದ್ದೇನೆ. ಅದಕ್ಕೇ ಅವಳಿಗೆ ಬೇಜಾರು ಮಾಡಿಕೊಳ್ಳಬೇಡ ಅಂದೆ.

ಸರಾಸರಿ ತೆಗೆಸಿ ಎಂಜಿನ್ ನಿಲ್ಲಿಸಿದ್ದಾಗಲೇ ನೋಡೋಣ ಅಂದೆ. ಅದಕ್ಕೂ ಮೊದಲು ಒಂದು ಲೆಕ್ಕ ಮಾಡಿಸಿದೆ. ಈ ಕಾರಿನಲ್ಲಿ ಒಟ್ಟು ಒಂದೂವರೆ ಲೀಟರ್ ನೀರು. ಒಂದು ಲೀಟರ್ ನೀರು ಒಂದು ಡಿಗ್ರಿ ಇಳಿಯಬೇಕಾದರೆ 4.2 ಕಿಲೋಜೂಲ್ ಬಿಸಿ ಹೊರಗೆ ಹೋಗಬೇಕು. ಒಂದೂವರೆ ಲೀಟರ್, 13 ಡಿಗ್ರಿ ಅಂದರೆ ಸುಮಾರು 82 ಕಿಲೋಜೂಲ್. ಆ ಐದು ಸೆಕೆಂಡ್ ಬಂದದ್ದು ಸರಾಸರಿಯಿಂದ, ಅದು ಇಲ್ಲದಿದ್ದರೆ ಆ ಇಳಿತ ಒಂದೇ ಸೆಕೆಂಡಿನಲ್ಲಿ ಆಗುತ್ತಿತ್ತು. ಸೆಕೆಂಡಿಗೆ 82 ಕಿಲೋಜೂಲ್ ಅಂದರೆ 82 ಕಿಲೋವ್ಯಾಟ್. ಎಂಜಿನ್ನಿನ ಪೂರ್ತಿ ಶಕ್ತಿಯೇ 32 ಕಿಲೋವ್ಯಾಟ್. ಅಂಗೈ ಅಗಲದ ಫ್ಯಾನ್ ಎಂಜಿನ್ನಿನ ಎರಡೂವರೆ ಪಟ್ಟು ಬಿಸಿ ಎಳೆದು ಹಾಕಲು ಸಾಧ್ಯವೇ ಇಲ್ಲ. ಲೆಕ್ಕ ಮುಗಿದಾಗ ನಾಲ್ಕೂ ಜನ ಸುಮ್ಮನಾದರು. ನೀರು ತಂಪಾಗಿಯೇ ಇಲ್ಲ, ಅಂಕಿ ಮಾತ್ರ ಬಿದ್ದಿದೆ ಅಂತ ಅವರಿಗೇ ಹೊಳೆಯಿತು.

ಎರಡು ರೂಪಾಯಿಯ ರೆಸಿಸ್ಟರ್

ಸೆನ್ಸರ್ ಜಾಗದಲ್ಲಿ 220 ಓಮ್‌ನ ಒಂದು ಸಾದಾ ರೆಸಿಸ್ಟರ್ ಕಟ್ಟಿದೆ. ಪರದೆ 94 ತೋರಿಸಿತು, ಸರಿಯಾಗಿಯೇ ಇದೆ. ಆಮೇಲೆ ಫ್ಯಾನಿಗೆ ಕೈಯಾರೆ ಸ್ವಿಚ್ ಕೊಟ್ಟೆ. ಪರದೆ ಥಟ್ಟನೆ 81ಕ್ಕೆ ಬಿತ್ತು. ಫ್ಯಾನ್ ನಿಲ್ಲಿಸಿದೆ, 94. ಮತ್ತೆ ಹಾಕಿದೆ, 81. ಅಲ್ಲಿ ನೀರೂ ಇಲ್ಲ, ಬಿಸಿಯೂ ಇಲ್ಲ. ಬರೀ ಒಂದು ರೆಸಿಸ್ಟರ್.

ಇನ್ನು ಹುಡುಕಬೇಕಾದ ಜಾಗ ಒಂದೇ: ಅರ್ತ್, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ. ಈ ಸೆನ್ಸರಿಗೆ ಅದು ಸಿಗುವುದು ತಾನು ಕೂತ ಲೋಹದಿಂದಲೇ. ಅವರು ಸೆನ್ಸರನ್ನು ಎಂಜಿನ್ ಬಾಡಿಗೆ ಹಾಕಿರಲಿಲ್ಲ. ಎಂಜಿನ್‌ನಿಂದ ರೇಡಿಯೇಟರಿಗೆ ಹೋಗುವ ರಬ್ಬರ್ ಹೋಸ್ ಕತ್ತರಿಸಿ, ನಡುವೆ ಅಲ್ಯೂಮಿನಿಯಂ ತುಂಡು ಸೇರಿಸಿ, ಅದರಲ್ಲಿ ಕೂರಿಸಿದ್ದರು. ಎರಡೂ ಕಡೆ ರಬ್ಬರ್ ಇರುವುದರಿಂದ ಆ ತುಂಡಿಗೆ ತಾನಾಗಿ ಅರ್ತ್ ಸಿಗುವುದಿಲ್ಲ. ಅದಕ್ಕೆ ಪಕ್ಕದ ಫ್ಯಾನಿನ ಅರ್ತ್ ಲಗ್ಗಿಗೆ (ವೈರ್ ಬಿಗಿಯುವ ಲೋಹದ ತುದಿಗೆ) ಒಂದು ವೈರ್ ಕೊಟ್ಟಿದ್ದರು. ಆ ಲಗ್ಗಿನಿಂದ ಬ್ಯಾಟರಿ ನೆಗೆಟಿವ್‌ಗೆ ಒಂದೇ ಒಂದು ತೆಳು ವೈರ್, 0.5 ಸ್ಕ್ವೇರ್ ಎಂಎಂ, ಒಂದೂವರೆ ಮೀಟರ್ ಉದ್ದ. ಬೋರ್ಡಿನ ಅರ್ತ್ ಮಾತ್ರ ಬೇರೆ ವೈರಿನಲ್ಲಿ ನೇರ ಬ್ಯಾಟರಿಗೆ.

ಅಷ್ಟು ತೆಳು ತಾಮ್ರದ ವೈರಿನ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 0.034 ಓಮ್, ಒಂದೂವರೆ ಮೀಟರಿಗೆ 0.05. ಕೇಳಲು ಏನೂ ಅಲ್ಲ. ಆದರೆ ಫ್ಯಾನ್ 7 ಆಂಪಿಯರ್ ಎಳೆಯುತ್ತದೆ. ಅದು ಆ ವೈರಿನಲ್ಲಿ ಹರಿದಾಗ ಅಲ್ಯೂಮಿನಿಯಂ ತುಂಡಿನ ಅರ್ತ್ ಸೊನ್ನೆಯಲ್ಲಿ ನಿಲ್ಲುವುದಿಲ್ಲ, ಮೇಲಕ್ಕೇರುತ್ತದೆ. ಮಲ್ಟಿಮೀಟರಿನ ಒಂದು ಮುಳ್ಳು ತುಂಡಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡಿದು ಫ್ಯಾನ್ ಹಾಕಿದೆ: 0.36 ವೋಲ್ಟ್. ಬೋರ್ಡಿಗೆ ಇದು ಗೊತ್ತಾಗುವುದಿಲ್ಲ. ವೋಲ್ಟೇಜ್ ಏರಿತು, ಅಂದರೆ ರೆಸಿಸ್ಟೆನ್ಸ್ ಜಾಸ್ತಿಯಾಯಿತು, ಅಂದರೆ ನೀರು ತಂಪಾಯಿತು ಅಂತ ಓದಿಕೊಳ್ಳುತ್ತದೆ.

ಈ ತಪ್ಪಿನ ಅತಿ ಕೆಟ್ಟ ಗುಣ ಏನೆಂದರೆ, ಬಿಸಿ ಏರಿದಷ್ಟೂ ಅದು ದೊಡ್ಡದಾಗುತ್ತದೆ. ತಣ್ಣಗಿರುವಾಗ ಸೆನ್ಸರಿನ ರೆಸಿಸ್ಟೆನ್ಸ್ ದೊಡ್ಡದು, 0.36 ವೋಲ್ಟ್ ಅದರ ಮುಂದೆ ಚಿಕ್ಕದು. ಬೆಳಗ್ಗೆ 30 ಡಿಗ್ರಿಯಲ್ಲಿ ಫ್ಯಾನ್ ಹಾಕಿದರೆ ಅಂಕಿ 27ಕ್ಕೆ ಇಳಿಯುತ್ತದೆ ಅಷ್ಟೇ, ಯಾರೂ ಗಮನಿಸಲ್ಲ. ನೀರು 95 ಇದ್ದಾಗ 82 ಅನ್ನುತ್ತದೆ, 13 ಡಿಗ್ರಿ ಕಡಿಮೆ. 110 ಇದ್ದಾಗ 92 ಅನ್ನುತ್ತದೆ, 18 ಡಿಗ್ರಿ ಕಡಿಮೆ. 115 ಆದರೂ ಪರದೆ 95 ದಾಟುವುದಿಲ್ಲ. ಅವರು 105ಕ್ಕೆ ಇಟ್ಟಿದ್ದ ಕೆಂಪು ದೀಪ ಫ್ಯಾನ್ ಓಡುತ್ತಿರುವಾಗ ಹೊತ್ತಿಕೊಳ್ಳುವ ಹೊತ್ತಿಗೆ ಎಂಜಿನ್ನಿನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ದೀಪ ಅತಿ ಬೇಕಾದ ಹೊತ್ತಿಗೇ ಕುರುಡಾಗುವ ಹಾಗೆ ವೈರಿಂಗ್ ಆಗಿತ್ತು.

ಗ್ರಾಫಿನ ಸಪಾಟು ಗೆರೆಯ ಗುಟ್ಟೂ ಇದೇ. ಮೊದಲು ಸುಳ್ಳು ಅಂಕಿ 82ಕ್ಕೆ ಬೀಳುತ್ತಿದ್ದರಿಂದ 30 ಸೆಕೆಂಡ್ ಆದಮೇಲೆ ಫ್ಯಾನ್ ನಿಲ್ಲುತ್ತಿತ್ತು. ನಿಜವಾದ ಬಿಸಿ 108 ದಾಟಿದ ಮೇಲೆ ಸುಳ್ಳು ಅಂಕಿಯೂ 90ರ ಮೇಲೆಯೇ ಉಳಿಯಿತು, ಫ್ಯಾನ್ ನಿಲ್ಲದೆ ಓಡಿತು, ಗೆರೆ ಸಪಾಟಾಯಿತು. ಹುಡುಗರು ಖುಷಿಪಟ್ಟ ಆ ಹೊತ್ತಿಗೆ ನೀರು ಕುದಿಯುವ ಅಂಚಿನಲ್ಲಿತ್ತು.

ಹಾಗಾದರೆ 78 ಎಲ್ಲಿಂದ ಬಂತು?

ಅರ್ತ್ ತಪ್ಪಿನಿಂದ 92 ಬಂದದ್ದು ತಿಳಿಯಿತು. ಆದರೆ ಕೊನೆಯಲ್ಲಿ 78ಕ್ಕೆ ಬಿದ್ದದ್ದು, ಅದಾದ ಮೇಲೆ ಫ್ಯಾನ್ ನಿಂತು 89ಕ್ಕೆ ಏರಿದ್ದು? ಅರ್ತ್ ತಪ್ಪು ಲೆಕ್ಕ ಹಾಕಿ ಕಳೆದರೆ ಆ 78ರ ನಿಜ ಬೆಲೆಯೂ 89. ಅಂದರೆ ಸೆನ್ಸರ್ ನಿಜವಾಗಿಯೂ 110ರಿಂದ 89ಕ್ಕೆ ತಣ್ಣಗಾಗಿತ್ತು. ಎಂಜಿನ್ ಸಾಯುತ್ತಿದ್ದಾಗ!

ರೇಡಿಯೇಟರ್ ಮುಚ್ಚಳ ತಂದು ಪ್ರೆಶರ್ ಟೆಸ್ಟರಿಗೆ ಹಾಕಿದೆ. ಮೇಲೆ 1.1 ಬಾರ್ ಅಂತ ಅಚ್ಚಾಗಿದೆ, 0.5ಕ್ಕೇ ಬಿಟ್ಟುಕೊಟ್ಟಿತು. ಒಳಗಿನ ರಬ್ಬರ್ ಒಣಗಿ ಗಟ್ಟಿಯಾಗಿತ್ತು. ಒತ್ತಡ ಹಿಡಿದರೆ ನೀರು ತಡವಾಗಿ ಕುದಿಯುತ್ತದೆ. ನಮ್ಮೂರಿನಲ್ಲಿ 1.1 ಬಾರ್ ಹಿಡಿಯುವ ಮುಚ್ಚಳ ಇದ್ದರೆ ಬರೀ ನೀರೂ ಸುಮಾರು 120 ಡಿಗ್ರಿ ತನಕ ಕುದಿಯಲ್ಲ. ಅರ್ಧ ಬಾರ್ ಮಾತ್ರ ಹಿಡಿದರೆ 110ಕ್ಕೇ ಕುದಿಯುತ್ತದೆ. ಅವರು ಹಾಕಿದ್ದೂ ಬರೀ ನೀರೇ. ವಿದ್ಯಾರ್ಥಿಗಳೇ ಕಟ್ಟಿದ ರೇಸ್ ಕಾರುಗಳ ಫಾರ್ಮುಲಾ ಸ್ಪರ್ಧೆಗಳಲ್ಲಿ ಕೂಲೆಂಟಿನಲ್ಲಿರುವ ಗ್ಲೈಕಾಲ್ ಚೆಲ್ಲಿ ಟ್ರ್ಯಾಕ್ ಜಾರಬಾರದು ಅಂತ ಬರೀ ನೀರಿನ ನಿಯಮ ಇದೆ, ಸೀನಿಯರ್‌ಗಳಿಂದ ಇವರಿಗೂ ಅದೇ ಅಭ್ಯಾಸ ಬಂದಿತ್ತು.

ನೀರು ಕುದಿಯಿತು, ಮುಚ್ಚಳ ಬಿಟ್ಟಿತು, ಆವಿಯ ಜೊತೆ ನೀರೂ ಹೊರಗೆ ಹೋಯಿತು. ಓವರ್‌ಫ್ಲೋ ಬಾಟಲಿ ತುಂಬಿ ಕಣದ ಮೇಲೆಲ್ಲ ಚೆಲ್ಲಿದ್ದನ್ನು ಅವರೇ ಆಮೇಲೆ ನೆನಪಿಸಿಕೊಂಡರು. ಆ ಅಲ್ಯೂಮಿನಿಯಂ ತುಂಡು ಇದ್ದದ್ದು ಹೋಸಿನ ಅತಿ ಎತ್ತರದ ಜಾಗದಲ್ಲಿ. ನೀರಿನ ಮಟ್ಟ ಇಳಿದ ಕೂಡಲೇ ಮೊದಲು ಖಾಲಿಯಾದದ್ದು ಅದೇ. ಸೆನ್ಸರಿನ ಸುತ್ತ ನೀರಿಲ್ಲ, ಬರೀ ಆವಿ ಮತ್ತು ಗಾಳಿ. ಗಾಳಿ ನೀರಿನ ಹಾಗೆ ಬಿಸಿ ತಲುಪಿಸುವುದಿಲ್ಲ, ಹೊರಗಿನಿಂದ ಫ್ಯಾನ್ ಗಾಳಿ ಬೇರೆ ತುಂಡಿಗೆ ಬಡಿಯುತ್ತಿತ್ತು. ಸೆನ್ಸರ್ ತಾನು ಕೂತ ಜಾಗದ ಬಿಸಿಯನ್ನು ಪ್ರಾಮಾಣಿಕವಾಗಿ ಹೇಳಿತು. ಆ ಜಾಗದಲ್ಲಿ ನೀರಿಲ್ಲ ಅನ್ನುವುದನ್ನು ಹೇಳಲು ಅದಕ್ಕೆ ದಾರಿಯೇ ಇರಲಿಲ್ಲ. ಪ್ರೋಗ್ರಾಂ 78 ನೋಡಿ ಫ್ಯಾನ್ ನಿಲ್ಲಿಸಿತು. 89 ಅನ್ನುವುದು 95ಕ್ಕಿಂತ ಕಡಿಮೆ, ಆದ್ದರಿಂದ ಮತ್ತೆ ಹಾಕಲೂ ಇಲ್ಲ.

ಈ ಭಾಗವನ್ನು ನಾನು ಒತ್ತಿ ಹೇಳಬೇಕು. ಜೋರಾಗಿ ಓಡಿಸುತ್ತಿರುವಾಗ ಟೆಂಪರೇಚರ್ ಸುಮ್ನೆ ಇಳಿದರೆ ಅದು ಒಳ್ಳೆಯ ಸುದ್ದಿ ಅಲ್ಲ. ಕೂಡಲೇ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ.

ರಿಪೇರಿ

ಎಂಜಿನ್ನಿನ ಹೆಡ್ (ಸಿಲಿಂಡರಿನ ಮೇಲಿನ ಭಾಗ) ಬಿಚ್ಚಿದಾಗ ಅದರ ಕೆಳಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಎಕ್ಸಾಸ್ಟ್ ಕಡೆ ಸುಟ್ಟಿತ್ತು. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ನೋಡಿದರೆ 0.12 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಒಳಗೆ ಹೋಗುತ್ತಿತ್ತು, ಅಂದರೆ ಹೆಡ್ ಬಾಗಿತ್ತು. ಸಮ ಮಾಡಿಸಲು ಹರಿಹರಕ್ಕೆ ಕಳಿಸಿದೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಶುರುವಾದ ಊರು ಅದು. ಕೈಯಲ್ಲಿ ಮಿಲಿಮೀಟರಿನ ನೂರನೇ ಭಾಗ ಗೊತ್ತಾಗುವ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಕೆಲಸ ಮಾಡಿಕೊಟ್ಟವರು ಹೆಡ್ ವಾಪಸ್ ಕೊಡುತ್ತಾ ಹುಡುಗನಿಗೆ ಹೇಳಿದ್ದು ಇಷ್ಟೇ: "ಇನ್ನೊಂದು ಸಲ ತಂದ್ರ ತೆಗೆಯೋಕೆ ಲೋಹ ಉಳಿದಿರಲ್ಲ ತಮ್ಮಾ."

ವೈರಿಂಗ್ ಕೆಲಸ ಅರ್ಧ ಗಂಟೆಯದು. ಫ್ಯಾನಿನ ಅರ್ತ್‌ಗೆ 2.5 ಸ್ಕ್ವೇರ್ ಎಂಎಂ ವೈರ್ ಹಾಕಿ ನೇರ ಬ್ಯಾಟರಿ ನೆಗೆಟಿವ್‌ಗೆ ಒಯ್ದೆ. ಸೆನ್ಸರಿಗೆ ಎರಡು ಪಿನ್‌ನದು ಹಾಕಿದೆ, ಅದರ ಅರ್ತ್ ಬೋರ್ಡಿಗೇ ವಾಪಸ್ ಬರುತ್ತದೆ. ಆ ವೈರಿನಲ್ಲಿ ಬೇರೆ ಯಾವ ಕರೆಂಟೂ ಹರಿಯಬಾರದು. ಹಳೆಯ 220 ಓಮ್ ರೆಸಿಸ್ಟರ್ ಕಟ್ಟಿ ಫ್ಯಾನ್ ಹಾಕಿ ನೋಡಿದೆವು. 94 ಇದ್ದದ್ದು 94ರಲ್ಲೇ ನಿಂತಿತು. ಆ ಹುಡುಗಿ ಸ್ವಿಚ್ಚನ್ನು ಹತ್ತು ಸಲ ಹಾಕಿ ತೆಗೆದು ನೋಡಿದಳು.

ಸೆನ್ಸರಿನ ಜಾಗವನ್ನೂ ಬದಲಿಸಿದೆವು. ಈಗ ಅದು ಎಂಜಿನ್ನಿನಿಂದ ನೀರು ಹೊರಬರುವ ಬಾಯಿಯ ಹತ್ತಿರ, ಹೋಸಿನ ಎತ್ತರದ ಬಾಗಿಗಿಂತ ಕೆಳಗೆ ಇದೆ. ಎತ್ತರದ ಬಾಗಿಗೆ ಒಂದು ಗಾಳಿ ಬಿಡುವ ಸ್ಕ್ರೂ ಹಾಕಿಸಿದೆವು. ಮೊದಲು ನೀರು ತುಂಬುವಾಗ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಯಾಕೆಂದರೆ ರೇಡಿಯೇಟರ್ ಬಾಯಿ ಆ ಬಾಗಿಗಿಂತ ಕೆಳಗಿತ್ತು. ಹೊಸ ಮುಚ್ಚಳ ಬಂತು. ಡಿಸ್ಟಿಲ್ಡ್ ನೀರು ಅರ್ಧ, ಗ್ಲೈಕಾಲ್ ಕೂಲೆಂಟ್ ಅರ್ಧ ತುಂಬಿದೆವು. ಸ್ಪರ್ಧೆಗೆ ಹೋದರೆ ಅಲ್ಲಿನ ನಿಯಮದ ಪ್ರಕಾರ ಬರೀ ನೀರು ಹಾಕಿಕೊಳ್ಳಲಿ.

ಇದರ ಜೊತೆಗೆ ಎರಡನೇ ಸೆನ್ಸರ್ ಬೇಕೇ ಬೇಕು ಅಂತ ನಾನು ಹಟ ಹಿಡಿದೆ. ಸ್ಪಾರ್ಕ್ ಪ್ಲಗ್ ವಾಶರ್ ಜಾಗದಲ್ಲಿ ಕೂರುವ ಉಂಗುರದಂಥ ಸೆನ್ಸರ್ ಸಿಗುತ್ತದೆ. ಅದು ಅಳೆಯುವುದು ನೀರನ್ನಲ್ಲ, ಹೆಡ್ಡಿನ ಲೋಹವನ್ನು. ನೀರು ಪೂರ್ತಿ ಖಾಲಿಯಾದರೂ ಅದು ಬಿಸಿಯನ್ನು ಬಿಡದೆ ಹೇಳುತ್ತದೆ. ನೀರಿನ ಅಂಕಿ ಇಳಿಯುತ್ತಾ ಹೆಡ್ಡಿನ ಅಂಕಿ ಏರುತ್ತಿದ್ದರೆ ನೀರು ಹೋಗಿದೆ ಅಂತಲೇ ಅರ್ಥ. ದೊಡ್ಡ ರೇಸ್ ಕಾರುಗಳಲ್ಲಿ ನೀರಿನ ಒತ್ತಡವನ್ನೂ ಅಳೆಯುತ್ತಾರೆ, ಸೋರಿಕೆ ಶುರುವಾದರೆ ಬಿಸಿಗಿಂತ ಮೊದಲು ಒತ್ತಡ ಬೀಳುತ್ತದೆ. ಹುಡುಗರ ಬಳಿ ಅಷ್ಟು ದುಡ್ಡಿರಲಿಲ್ಲ.

ಪ್ರೋಗ್ರಾಮಿನಲ್ಲಿ ಆ ಹುಡುಗಿ ಸರಾಸರಿಯನ್ನು ಪರದೆಗೆ ಮಾತ್ರ ಉಳಿಸಿಕೊಂಡಳು. ಮೆಮೊರಿ ಕಾರ್ಡಿಗೆ ಈಗ ಹಸಿ ಅಂಕಿಯೇ ಹೋಗುತ್ತದೆ. ಎರಡು ಸೆಕೆಂಡಿನೊಳಗೆ 5 ಡಿಗ್ರಿಗಿಂತ ಜಾಸ್ತಿ ಇಳಿದರೂ ಏರಿದರೂ ಕೆಂಪು ದೀಪ ಹೊತ್ತುತ್ತದೆ, ಫ್ಯಾನ್ ಓಡುತ್ತಲೇ ಇರುತ್ತದೆ. ಈ ಎರಡನೆಯದು ಅವಳದೇ ಯೋಚನೆ. ಅನುಮಾನ ಬಂದಾಗ ಫ್ಯಾನ್ ನಿಲ್ಲಬಾರದು ಅಂದಳು. ನನಗೆ ತುಂಬ ಹಿಡಿಸಿತು.

ಮೇ ತಿಂಗಳ ಮೊದಲ ವಾರ ಮತ್ತೆ ಓಡಿಸಿದೆವು. ಕಣದಲ್ಲಿ ಭತ್ತ ಹರಡಿದ್ದರು, ಹಾಗಾಗಿ ಮಿಲ್ಲಿನ ಹಿಂದಿನ ಮಣ್ಣಿನ ಜಾಗ. ಹದಿನೈದು ಸುತ್ತು ಆದಮೇಲೆ ನೀರು 98, ಹೆಡ್ 127. ಫ್ಯಾನ್ ಆನ್ ಆದಾಗ ಅಂಕಿ ಕದಲಲಿಲ್ಲ. ಒಂದು ಡಿಗ್ರಿ ಇಳಿಯಲು 20 ಸೆಕೆಂಡ್ ಹಿಡಿಯಿತು. ಇಪ್ಪತ್ತನೇ ಸುತ್ತಿಗೆ 103 ಆಯಿತು, ನಿಲ್ಲಿಸಿ ಅಂದೆ, ನಿಲ್ಲಿಸಿದರು. ಅಂದರೆ ರೇಡಿಯೇಟರಿಗೆ ಗಾಳಿ ನಿಜವಾಗಿಯೂ ಸಾಲುತ್ತಿಲ್ಲ. ಇಷ್ಟು ದಿನ ಮೀಟರ್ ಮುಚ್ಚಿಟ್ಟಿದ್ದ ಸಂಗತಿ ಅದು. ಈಗ ಪಕ್ಕದ ಬಾಡಿಯಲ್ಲಿ ತೂತು ಕೊರೆದು ತಗಡಿನ ಗಾಳಿಕೊಳವೆ ಮಾಡಲು ಕೂತಿದ್ದಾರೆ. ರಟ್ಟಿನಲ್ಲಿ ಮೊದಲ ಮಾದರಿ ಕತ್ತರಿಸಿ ನಿನ್ನೆ ಅಂಗಡಿಗೆ ತಂದು ತೋರಿಸಿದರು. ಬಾಯಿ ಇನ್ನೂ ಎರಡು ಇಂಚು ಅಗಲ ಬೇಕು ಅಂತ ಹೇಳಿ ಕಳಿಸಿದ್ದೇನೆ.